ಐವತ್ತೆಂಟನೆಯ ವಯಸ್ಸಿನಲ್ಲಿ ಸ್ವಭಾವವೇ ಬದಲಾದರೆ

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ತಂದೆಯವರಿಗೆ ಈಗ 58 ವರ್ಷ. ಊರಿನ ಸೊಸೈಟಿಯಲ್ಲಿ ಬಹಳ ವರ್ಷ ಸೆಕ್ರೆಟರಿಯಾಗಿದ್ದವರು, ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ರಾತ್ರಿ ಊಟ ಬಿಟ್ಟು ಹುಡುಕುತ್ತಿದ್ದವರು. ಅವರು ಮೊದಲು ಹೀಗಿರಲೇ ಇಲ್ಲ. ಎರಡು ವರ್ಷಗಳಿಂದ ಸತ್ತವರ ಮನೆಯಲ್ಲಿ ಜೋರಾಗಿ ನಗುತ್ತಾರೆ, ಗುರುತಿಲ್ಲದ ಹೆಣ್ಣುಮಕ್ಕಳನ್ನು ಸಲಿಗೆಯಿಂದ ಮಾತಾಡಿಸುತ್ತಾರೆ, ಅಂಗಡಿಯಿಂದ ದುಡ್ಡು ಕೊಡದೆ ಕರದಂಟು ಎತ್ತಿಕೊಂಡು ಬರುತ್ತಾರೆ, ದಿನವಿಡೀ ಬೆಲ್ಲ ತಿನ್ನುತ್ತಾರೆ. ಒಂದೇ ದಾರಿಯಲ್ಲಿ ಬಸ್ ಸ್ಟ್ಯಾಂಡ್‌ವರೆಗೆ ಮತ್ತೆ ಮತ್ತೆ ಹೋಗಿ ಬರುತ್ತಾರೆ. ಅವ್ವ ಜ್ವರದಿಂದ ಮಲಗಿದ್ದಾಗ ‘ರೊಟ್ಟಿ ಯಾಕ ಆಗಿಲ್ಲ’ ಎಂದು ಕೇಳಿದರೇ ಹೊರತು ಹತ್ತಿರ ಹೋಗಿ ನೋಡಲಿಲ್ಲ. ಆರು ತಿಂಗಳ ಹಿಂದೆ ಹೆಚ್ಚು ಪರಿಚಯವಿಲ್ಲದ ಒಬ್ಬನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಸಹಿ ಹಾಕಿದ್ದಾರೆ. ನೆನಪು ಮಾತ್ರ ಚೆನ್ನಾಗಿದೆ. ಇಪ್ಪತ್ತು ವರ್ಷದ ಹಿಂದಿನ ಲೆಕ್ಕ ಹೇಳುತ್ತಾರೆ. ಅವ್ವ ‘ಸೊಕ್ಕು’ ಎನ್ನುತ್ತಾಳೆ, ಕಾಕಾ ‘ಯಾರೋ ಮಾಡಿಸ್ಯಾರ’ ಎನ್ನುತ್ತಾರೆ. ಒಬ್ಬ ಡಾಕ್ಟರು ನಿದ್ದೆಯ ಗುಳಿಗೆ ಕೊಟ್ಟು ಕಳಿಸಿದರು. ಇದು ರೋಗವೇ? ಮೆದುಳಿನ ಕಾಯಿಲೆ ಮನುಷ್ಯನ ಗುಣವನ್ನೇ ಬದಲಿಸಬಲ್ಲದೇ? ಇದು ಮಕ್ಕಳಿಗೂ ಬರುತ್ತದೆಯೇ? ತಂಗಿಗೆ ಗಂಡು ನೋಡುತ್ತಿದ್ದೇವೆ.

ಉತ್ತರ: ನಿಮ್ಮ ಪತ್ರದಲ್ಲಿರುವ ಲಕ್ಷಣಗಳು ಹಲವು, ಆದರೆ ನನ್ನ ಗಮನ ಮೊದಲು ಹೋದದ್ದು ‘ಅವರು ಮೊದಲು ಹೀಗಿರಲೇ ಇಲ್ಲ’ ಎಂಬ ಮಾತಿನ ಮೇಲೆ. ಒಬ್ಬರ ನಡವಳಿಕೆ ಸಹಜವೋ ಅಸಹಜವೋ ಎಂದು ತೀರ್ಮಾನಿಸುವಾಗ ನಾವು ಅವರನ್ನು ಊರಿನ ಉಳಿದ ಮಂದಿಯೊಂದಿಗೆ ಹೋಲಿಸುತ್ತೇವೆ. ಆ ಅಳತೆ ಅರ್ಧದಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ. ಹರೆಯದಿಂದಲೂ ಬಾಯಿಗೆ ಲಗಾಮಿಲ್ಲದವನು, ಸಿಕ್ಕವರನ್ನೆಲ್ಲ ತಮಾಷೆ ಮಾಡುವವನು, ಕೈಯಲ್ಲಿ ದುಡ್ಡು ನಿಲ್ಲದವನು ಪ್ರತಿ ಊರಿನಲ್ಲೂ ಇರುತ್ತಾನೆ. ಅವನಿಗೆ 58 ವರ್ಷವಾದಾಗಲೂ ಅವನು ಹಾಗೆಯೇ ಇದ್ದರೆ ವೈದ್ಯರಿಗೆ ಅಲ್ಲಿ ಕೆಲಸವಿಲ್ಲ. ಅದೇ ನಡವಳಿಕೆ, ಲೆಕ್ಕದ ಒಂದು ರೂಪಾಯಿಗಾಗಿ ಊಟ ಬಿಡುತ್ತಿದ್ದ ಮನುಷ್ಯನಲ್ಲಿ ಐವತ್ತು ದಾಟಿದ ಮೇಲೆ ಕಾಣಿಸಿಕೊಂಡರೆ, ಅದಕ್ಕೆ ಕಾರಣ ಹುಡುಕಲೇಬೇಕು. ಹೋಲಿಕೆ ಅವರದೇ ಹಿಂದಿನ ಬದುಕಿನೊಂದಿಗೆ ನಡೆಯಬೇಕು. ನಡುವಯಸ್ಸು ದಾಟಿದವರ ಸ್ವಭಾವ ಹೀಗೆ ಬುಡಮೇಲಾದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಮೆದುಳಿನ ಕಾಯಿಲೆ ಎಂದೇ ಎಣಿಸಿ ಪರೀಕ್ಷಿಸುವುದು ನಮ್ಮ ವೃತ್ತಿಯ ಪದ್ಧತಿ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ, ಅವರನ್ನು ಕಾಣದೆಯೇ ಹೇಳಬಹುದಾದಷ್ಟು ಮಟ್ಟಿಗೆ, ನನ್ನ ಉತ್ತರ ಹೌದು: ಇದು ರೋಗವಾಗಿರುವ ಸಾಧ್ಯತೆ ಬಹಳ ಹೆಚ್ಚು.

ಎರಡನೆಯ ಪ್ರಶ್ನೆಗೆ ಉತ್ತರಿಸಲು ಮೆದುಳಿನ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ವಯಸ್ಕರ ಮೆದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ, ದೇಹದ ತೂಕದ ಶೇಕಡಾ 2ರಷ್ಟಿರುವ ಈ ಅಂಗ, ವಿಶ್ರಾಂತಿಯಲ್ಲಿರುವಾಗಲೂ ದೇಹ ವ್ಯಯಿಸುವ ಶಕ್ತಿಯ ಸುಮಾರು ಶೇಕಡಾ 20ರಷ್ಟನ್ನು ಬಳಸುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವುಗಳಲ್ಲಿ ಯಾವ ಒಂದು ಕೋಶದಲ್ಲೂ ಪ್ರಾಮಾಣಿಕತೆಯಾಗಲಿ ನಾಚಿಕೆಯಾಗಲಿ ಕುಳಿತಿಲ್ಲ. ಆದರೆ ಕೋಶಗಳ ಕೆಲವು ಜಾಲಗಳು ಒಟ್ಟಾಗಿ ಕೆಲಸ ಮಾಡಿದಾಗ ನಾವು ಆ ಹೆಸರುಗಳಿಂದ ಕರೆಯುವ ನಡವಳಿಕೆ ಹೊರಗೆ ಕಾಣುತ್ತದೆ, ಮತ್ತು ಆ ಜಾಲಗಳು ಸವೆದಾಗ ಆ ನಡವಳಿಕೆಯೂ ಸವೆಯುತ್ತದೆ.

ಹಸಿವು, ಸಿಹಿಯ ಆಸೆ, ಕಾಮ, ಸಿಟ್ಟು, ಭಯ ಇವೆಲ್ಲ ಮೆದುಳಿನ ಒಳಭಾಗದಲ್ಲಿರುವ, ವಿಕಾಸದ ದೃಷ್ಟಿಯಿಂದ ಹಳೆಯದಾದ ರಚನೆಗಳ ಕೆಲಸ. ಹೈಪೊಥಲಾಮಸ್ ಹಸಿವನ್ನೂ ಬಾಯಾರಿಕೆಯನ್ನೂ ನೋಡಿಕೊಳ್ಳುತ್ತದೆ; ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಗಂಟು ಅಪಾಯವನ್ನೂ ಎದುರಿನವರ ಮುಖಭಾವವನ್ನೂ ಗುರುತಿಸುತ್ತದೆ; ಡೋಪಮಿನ್ ಎಂಬ ರಾಸಾಯನಿಕವನ್ನು ಬಳಸುವ ಇನ್ನೊಂದು ಜಾಲ, ಕಂಡದ್ದನ್ನು ಬೇಕೆನಿಸುವಂತೆ ಮಾಡುತ್ತದೆ. ಇವು ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಕರದಂಟಿನ ಅಂಗಡಿಯ ಮುಂದೆ ಹಾಯುವಾಗ ನಮ್ಮೆಲ್ಲರ ಮೆದುಳಿನಲ್ಲೂ ಆಸೆ ಏಳುತ್ತದೆ. ಹಣೆಯ ಹಿಂದೆ ಇರುವ ಮುಂಭಾಗದ ಹಾಲೆ, ವೈದ್ಯರು ಫ್ರಾಂಟಲ್ ಲೋಬ್ ಎನ್ನುವ ಭಾಗ, ಆ ಆಸೆಯಲ್ಲಿ ಎಷ್ಟನ್ನು, ಯಾವಾಗ, ಯಾರ ಮುಂದೆ ಹೊರಗೆ ಬಿಡಬೇಕೆಂದು ನಿಯಂತ್ರಿಸುತ್ತದೆ. ಕಾಲುವೆಯ ಗೇಟು ನೀರನ್ನು ಹುಟ್ಟಿಸುವುದಿಲ್ಲ, ಹೊಲಕ್ಕೆ ಬೇಕಾದಷ್ಟನ್ನೇ ಬಿಡುತ್ತದೆ. ಗೇಟು ಕಿತ್ತುಹೋದ ದಿನ ಹೊಲ ಮುಳುಗಿದರೆ ನೀರು ಹೊಸದಾಗಿ ಬಂತೆಂದು ಯಾರೂ ಹೇಳುವುದಿಲ್ಲ. ತಂದೆಯವರ ಮೈಯಲ್ಲಿ ಹೊಸದೇನೋ ಹೊಕ್ಕಿದೆ ಎಂದು ಕಾಕಾ ಅವರಿಗೆ ತೋರುತ್ತಿರುವುದು ಸಹಜ. ವೈದ್ಯರ ಕಣ್ಣಿಗೆ ಅಲ್ಲಿ ಮೊದಲಿದ್ದ ಏನೋ ಇಲ್ಲವಾದಂತೆ ಕಾಣುತ್ತದೆ.

ಮುಂಭಾಗದ ಹಾಲೆಯೂ ಒಂದೇ ತುಂಡಲ್ಲ. ಕಣ್ಣುಗುಡ್ಡೆಯ ಗೂಡಿಗೆ ತಾಗಿಕೊಂಡಿರುವ ಕೆಳಭಾಗ ಹಾಳಾದರೆ ನಾಚಿಕೆ, ಸಂಕೋಚ, ಪರಿಣಾಮದ ಎಣಿಕೆ ಕುಗ್ಗುತ್ತವೆ. ಸತ್ತವರ ಮನೆಯ ನಗು, ಹೆಣ್ಣುಮಕ್ಕಳೊಡನೆ ಸಲಿಗೆ, ಯೋಚಿಸದ ಜಾಮೀನು ಸಹಿ ಈ ಗುಂಪಿಗೆ ಸೇರುತ್ತವೆ. ಎರಡು ಗೋಲಾರ್ಧಗಳ ನಡುವಿನ ಒಳಮೈ ಹಾಳಾದರೆ ಮನುಷ್ಯ ಯಾವುದರಲ್ಲೂ ಆಸಕ್ತಿಯಿಲ್ಲದೆ, ಸ್ನಾನಕ್ಕೂ ಏಳದೆ ಕುಳಿತುಬಿಡುತ್ತಾನೆ, ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ. ಮೇಲ್ಭಾಗದ ಹೊರಮೈ ಹಾಳಾದರೆ ಕೆಲಸಗಳನ್ನು ಒಂದರ ನಂತರ ಒಂದು ಯೋಜಿಸುವ ಶಕ್ತಿ ಹೋಗುತ್ತದೆ. ಇನ್ಸುಲಾ ಎಂಬ ಮಡಿಕೆಯೊಳಗಿನ ಭಾಗವೂ ಅದರ ನೆರೆಯ ಜಾಲವೂ ನಮ್ಮ ದೇಹದ ಒಳಸ್ಥಿತಿಯನ್ನು ಅರಿಯುವುದರ ಜೊತೆಗೆ ಇನ್ನೊಬ್ಬರ ನೋವನ್ನು ನಮ್ಮದೆಂಬಂತೆ ಗ್ರಹಿಸಲು ನೆರವಾಗುತ್ತವೆ. ನಿಮ್ಮ ತಾಯಿಯವರು ಜ್ವರದಲ್ಲಿ ಮಲಗಿದ್ದಾಗ ತಂದೆಯವರು ರೊಟ್ಟಿಯನ್ನು ಕೇಳಿದ್ದಕ್ಕೆ ಪ್ರೀತಿ ಕಡಿಮೆಯಾದದ್ದು ಕಾರಣವಿರಲಾರದು. ಆಕೆಯ ಮುಖದಲ್ಲಿದ್ದ ಬಳಲಿಕೆ ಅವರ ಮೆದುಳಿಗೆ ಬಳಲಿಕೆಯಾಗಿ ತಲುಪಿಯೇ ಇಲ್ಲದಿರಬಹುದು. ಇದನ್ನು ತಾಯಿಯವರಿಗೆ ಕೂರಿಸಿಕೊಂಡು ಹೇಳಿ. ನನ್ನ ಅನುಭವದಲ್ಲಿ ಇಂಥ ಮನೆಗಳಲ್ಲಿ ಹೆಂಡತಿಯಾದವಳನ್ನು ಕಾಡುವುದು ಸಾಲವೂ ಅಲ್ಲ, ಊರ ಮಾತೂ ಅಲ್ಲ. ಇಷ್ಟು ವರ್ಷ ಬಾಳಿದ ಗಂಡನಿಗೆ ತಾನು ಬೇಡವಾದೆನೆಂಬ ಸಂಕಟ.

ನೆನಪು ಚೆನ್ನಾಗಿರುವುದು ಏಕೆ ಎಂಬುದಕ್ಕೂ ಇದೇ ನಕ್ಷೆಯಲ್ಲಿ ಉತ್ತರವಿದೆ. ಹೊಸ ನೆನಪುಗಳನ್ನು ದಾಖಲಿಸುವ ಹಿಪ್ಪೊಕ್ಯಾಂಪಸ್ ಕಿವಿಯ ಮಟ್ಟದ ಹಾಲೆಯ ಒಳಮಗ್ಗುಲಲ್ಲಿದೆ. ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಅಲ್ಲಿಂದ ಶುರುವಾಗುವುದರಿಂದ ಅದರಲ್ಲಿ ಮರೆವು ಮೊದಲು ಬರುತ್ತದೆ. ಮುಂಭಾಗದ ಹಾಲೆಯಿಂದ ಶುರುವಾಗುವ ಕಾಯಿಲೆಗಳಲ್ಲಿ ಮನುಷ್ಯನಿಗೆ ದಾರಿ ತಪ್ಪುವುದಿಲ್ಲ, ಹೆಸರು ಮರೆಯುವುದಿಲ್ಲ, ಹಳೆಯ ಲೆಕ್ಕವೂ ಬಾಯಲ್ಲಿರುತ್ತದೆ. ‘ನೆನಪು ಗಟ್ಟಿಯಾಗಿದೆ, ಅಂದಮೇಲೆ ಮೆದುಳಿಗೆ ಏನೂ ಆಗಿಲ್ಲ’ ಎಂಬ ತರ್ಕದಿಂದ ಎಷ್ಟೋ ಕುಟುಂಬಗಳು, ಕೆಲವೊಮ್ಮೆ ವೈದ್ಯರೂ, ವರ್ಷಗಟ್ಟಲೆ ಕಾಲ ಕಳೆದುಬಿಡುತ್ತಾರೆ.

ನೀವು ಕೇಳದಿದ್ದರೂ ನಿಮ್ಮ ಮನಸ್ಸಿನಲ್ಲಿ ಇರಬಹುದಾದ ಇನ್ನೊಂದು ಪ್ರಶ್ನೆ ಇದೆ: ಕೇಳಿದರೆ ತಪ್ಪು ಅಂತ ಅವರೇ ಒಪ್ಪಿಕೊಳ್ಳುತ್ತಾರೆ, ಮತ್ತೆ ಅದನ್ನೇ ಮಾಡುತ್ತಾರೆ, ಗೊತ್ತಿದ್ದೂ ಮಾಡಿದರೆ ಅದು ಸೊಕ್ಕಲ್ಲವೇ? ನಾವು ಕ್ಲಿನಿಕ್ಕಿನಲ್ಲಿ ಮಾಡುವ ಒಂದು ಸರಳ ಪರೀಕ್ಷೆ ಇದನ್ನು ಚೆನ್ನಾಗಿ ತೋರಿಸುತ್ತದೆ. ‘ನಾನು ಮೇಜನ್ನು ಒಂದು ಸಲ ಬಡಿದರೆ ನೀವೂ ಒಂದು ಸಲ ಬಡಿಯಿರಿ, ನಾನು ಎರಡು ಸಲ ಬಡಿದರೆ ಸುಮ್ಮನಿರಿ’ ಎಂದು ಹೇಳುತ್ತೇವೆ. ಮುಂಭಾಗದ ಹಾಲೆಗೆ ಪೆಟ್ಟಾದವರು ಈ ನಿಯಮವನ್ನು ತಿರುಗಿ ಕೇಳಿದರೆ ತಪ್ಪಿಲ್ಲದೆ ಹೇಳುತ್ತಾರೆ. ಆದರೆ ನಾನು ಎರಡು ಸಲ ಬಡಿದ ಕೂಡಲೇ ಅವರ ಕೈಯೂ ಬಡಿಯುತ್ತದೆ. ಕೆಲವರು ‘ಸುಮ್ಮನಿರಬೇಕಿತ್ತು’ ಎಂದು ಬಾಯಲ್ಲಿ ಹೇಳುತ್ತಲೇ ಬಡಿಯುತ್ತಾರೆ. ನಿಯಮ ತಿಳಿದಿರುವುದು ಒಂದು ಕೆಲಸ, ಆ ತಿಳಿವಳಿಕೆ ಸರಿಯಾದ ಕ್ಷಣದಲ್ಲಿ ಕೈಯನ್ನು ತಡೆಯುವುದು ಬೇರೆಯೇ ಕೆಲಸ. ಎರಡಕ್ಕೂ ಮೆದುಳಿನ ಬೇರೆ ಬೇರೆ ಜಾಲಗಳು ಬೇಕು. ಆರೋಗ್ಯವಂತರಲ್ಲಿ ಇವೆರಡೂ ಎಷ್ಟು ಹೊಂದಿಕೊಂಡು ನಡೆಯುತ್ತವೆಯೆಂದರೆ ಅವು ಎರಡು ಎಂಬುದೇ ನಮ್ಮ ಅರಿವಿಗೆ ಬರುವುದಿಲ್ಲ. ಇದೇ ಕಾರಣಕ್ಕೆ ಬುದ್ಧಿ ಹೇಳುವುದು, ಆಣೆ ಹಾಕಿಸುವುದು, ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡುವುದು ಇಂಥವರಲ್ಲಿ ಫಲ ಕೊಡುವುದಿಲ್ಲ. ಅವರು ಪಂಚರ ಮುಂದೆ ಒಪ್ಪಿಕೊಂಡದ್ದು ಸುಳ್ಳಲ್ಲ. ಮರುದಿನ ಅಂಗಡಿಯ ಮುಂದೆ ಆ ಒಪ್ಪಿಗೆ ಕೆಲಸಕ್ಕೆ ಬಾರದು, ಅಷ್ಟೇ.

ಈ ತಿಳಿವಳಿಕೆ ವೈದ್ಯಲೋಕಕ್ಕೆ ನಿಧಾನವಾಗಿ ಬಂದದ್ದು. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುತ್ತಿದ್ದ 25 ವರ್ಷದ ಮೇಸ್ತ್ರಿ ಫಿನಿಯಸ್ ಗೇಜ್ ಎಂಬಾತನ ಕೆನ್ನೆಯ ಕೆಳಗಿನಿಂದ ಹೊಕ್ಕ ಮೂರೂವರೆ ಅಡಿಗಿಂತ ಉದ್ದದ ಕಬ್ಬಿಣದ ಹಾರೆ, ಎಡಗಡೆಯ ಮುಂಭಾಗದ ಹಾಲೆಯನ್ನು ಸೀಳಿ ನೆತ್ತಿಯಿಂದ ಹೊರಬಿತ್ತು. ಆತ ಬದುಕಿದ. ಅಚ್ಚುಕಟ್ಟಿನ ಮನುಷ್ಯನಾಗಿದ್ದವನು ಒರಟನೂ ಚಂಚಲನೂ ಆದನೆಂದು ಅವನ ವೈದ್ಯ ಹಾರ್ಲೊ 1868ರಲ್ಲಿ ಬರೆದ. ಪಠ್ಯಪುಸ್ತಕಗಳು ಕಥೆಯನ್ನು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತವೆ. ಅದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಅದೇ ಗೇಜ್ ನಂತರ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿ ಓಡಿಸುವ ಕೆಲಸ ಮಾಡಿದ. ಪೆಟ್ಟಿನ ನಂತರವೂ ದಿನಚರಿ ಗಟ್ಟಿಯಾಗಿದ್ದರೆ ಮನುಷ್ಯ ತಕ್ಕಮಟ್ಟಿಗೆ ಸುಧಾರಿಸಬಲ್ಲ ಎಂಬ ಭಾಗವೇ ರೋಗಿಯ ಮನೆಯವರಿಗೆ ಹೆಚ್ಚು ಬೇಕಾದದ್ದು.

ನನಗೆ ಇನ್ನೂ ಬಲವಾದ ಸಾಕ್ಷ್ಯವಾಗಿ ಕಾಣುವುದು 2003ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪ್ರಕರಣ. 40 ವರ್ಷದ ಒಬ್ಬ ಶಾಲಾ ಶಿಕ್ಷಕನಲ್ಲಿ, ಹಿಂದೆಂದೂ ಕಾಣದಿದ್ದ, ಮಕ್ಕಳ ಕುರಿತಾದ ಲೈಂಗಿಕ ವಿಕೃತಿ ಕಾಣಿಸಿಕೊಂಡಿತು. ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ತಲೆನೋವೆಂದು ಆಸ್ಪತ್ರೆಗೆ ಬಂದಾಗ ಕಣ್ಣಿನ ಗೂಡಿನ ಮೇಲಿನ ಬಲಭಾಗದ ಹಾಲೆಯಲ್ಲಿ ದೊಡ್ಡ ಗಡ್ಡೆ ಪತ್ತೆಯಾಯಿತು. ಅದನ್ನು ತೆಗೆದ ಮೇಲೆ ಆ ನಡವಳಿಕೆ ಹೋಯಿತು. ಕೆಲವು ತಿಂಗಳ ನಂತರ ಅದು ಮರಳಿತು, ಸ್ಕ್ಯಾನ್ ಮಾಡಿದರೆ ಗಡ್ಡೆ ಮತ್ತೆ ಬೆಳೆದಿತ್ತು. ಎರಡನೆಯ ಬಾರಿ ತೆಗೆದಾಗ ಮತ್ತೆ ಸರಿಯಾಯಿತು. ಆದರೂ ಒಂದು ಎಚ್ಚರಿಕೆ ಇಲ್ಲಿ ಬೇಕು. ಇದರಿಂದ ಕೆಟ್ಟ ಕೆಲಸ ಮಾಡಿದವರೆಲ್ಲರ ತಲೆಯಲ್ಲೂ ಗಡ್ಡೆಯಿದೆ ಎಂದಾಗುವುದಿಲ್ಲ. ಅಂಥ ಅಪರಾಧ ಮಾಡುವವರಲ್ಲಿ ಬಹುಪಾಲು ಜನರಿಗೆ ಇಂಥ ಯಾವ ಗಡ್ಡೆಯೂ ಇರುವುದಿಲ್ಲ. ಕುಡಿದು ಹೆಂಡತಿಯನ್ನು ಹೊಡೆಯುವ ಗಂಡನ ಮನೆಯವರು ‘ಅವನ ಮೆದುಳಿನಲ್ಲೇ ಏನೋ ದೋಷ ಇರಬೇಕು, ಸ್ಕ್ಯಾನ್ ಮಾಡಿ’ ಎಂದು ಕರೆತರುವುದನ್ನೂ ನಾನು ಕಂಡಿದ್ದೇನೆ. ಹಲವು ವರ್ಷಗಳಿಂದ ಹೊಡೆಯುತ್ತಲೇ ಬಂದವನಿಗೆ ಸ್ಕ್ಯಾನಿನ ನೆಪ ಸಿಗಬಾರದು.

ಈಗ ಕಾರಣಗಳಿಗೆ ಬರೋಣ. ನಿಮ್ಮ ವಿವರಣೆ ಓದಿದ ಯಾವ ನರರೋಗ ತಜ್ಞರಿಗೂ ಮೊದಲು ಹೊಳೆಯುವ ಹೆಸರು ಫ್ರಾಂಟೋಟೆಂಪೊರಲ್ ಡಿಮೆನ್ಶಿಯಾ, ಅಂದರೆ ಮೆದುಳಿನ ಮುಂಭಾಗದ ಹಾಲೆಯೂ ಕಿವಿಯ ಪಕ್ಕದ ಹಾಲೆಯೂ ಮೆಲ್ಲಗೆ ಸವೆಯುವ ಕಾಯಿಲೆ. ಆದರೆ ಅದಕ್ಕೆ ಇಂದಿಗೂ ವಾಸಿ ಮಾಡುವ ಔಷಧವಿಲ್ಲ, ಅದನ್ನೇ ಹೋಲುವ ಕೆಲವು ಕಾಯಿಲೆಗಳಿಗೆ ಇದೆ. ಹೀಗಾಗಿ ವಾಸಿಯಾಗುವಂಥವನ್ನು ಮೊದಲು ಹುಡುಕಬೇಕು.

ತಂದೆಯವರು ಕಳೆದ ಎರಡು ಮೂರು ವರ್ಷಗಳಲ್ಲಿ ಬೈಕಿನಿಂದಲೋ ಬಚ್ಚಲಲ್ಲಿ ಜಾರಿಯೋ ಬಿದ್ದಿದ್ದರೇ ಎಂದು ನೆನಪಿಸಿಕೊಳ್ಳಿ. ವಯಸ್ಸಾದವರಲ್ಲಿ, ಅದರಲ್ಲೂ ಕುಡಿತವಿರುವವರಲ್ಲಿ ಅಥವಾ ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರಲ್ಲಿ, ಸಣ್ಣ ಪೆಟ್ಟಿನಿಂದಲೂ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ ವಾರಗಳ ನಂತರ ಮೆದುಳನ್ನು ಒತ್ತತೊಡಗುತ್ತದೆ. ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಅದು ಕಾಣುತ್ತದೆ, ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ ಅದನ್ನು ಹೊರತೆಗೆಯಬಹುದು. ಎರಡು ವರ್ಷಗಳಿಂದ ನಿಧಾನವಾಗಿ ಹೆಚ್ಚುತ್ತಿರುವ ತೊಂದರೆಗೆ ಇದಕ್ಕಿಂತ ಹೆಚ್ಚು ಹೊಂದುವುದು ಮೆನಿಂಜಿಯೋಮಾ ಎಂಬ, ಮೆದುಳಿನ ಪೊರೆಯಿಂದ ಏಳುವ ಗಡ್ಡೆ. ಅದು ಬಹುಪಾಲು ಕ್ಯಾನ್ಸರ್ ಅಲ್ಲ, ಬಹಳ ಮೆಲ್ಲಗೆ ಬೆಳೆಯುತ್ತದೆ, ಮತ್ತು ಮೂಗಿನ ಮೇಲ್ಭಾಗದಲ್ಲಿ ಹುಟ್ಟಿದರೆ ವಾಸನೆಯ ನರವನ್ನೂ ಮುಂಭಾಗದ ಹಾಲೆಯ ತಳವನ್ನೂ ಒಟ್ಟಿಗೆ ಒತ್ತುತ್ತದೆ. ಮನೆಯಲ್ಲೇ ಗಮನಿಸಿ: ಒಗ್ಗರಣೆ ಸೀದರೆ ಅವರಿಗೆ ತಿಳಿಯುತ್ತದೆಯೇ? ಕಣ್ಣು ಮುಚ್ಚಿ ಒಂದೊಂದೇ ಮೂಗಿನ ಹೊಳ್ಳೆಯಿಂದ ಕಾಫಿ ಪುಡಿಯ ವಾಸನೆ ಗುರುತಿಸುತ್ತಾರೆಯೇ? ಒಂದು ಕಣ್ಣಿನ ದೃಷ್ಟಿ ಮಂಜಾಗಿದೆಯೇ? ಉತ್ತರಗಳನ್ನು ವೈದ್ಯರಿಗೆ ತಿಳಿಸಿ.

ರಕ್ತ ಪರೀಕ್ಷೆಯಿಂದ ತಿಳಿಯುವಂಥವೂ ಇವೆ. ಥೈರಾಯ್ಡ್ ಕೊರತೆ, ರಕ್ತದಲ್ಲಿ ಸೋಡಿಯಂ ಏರುಪೇರು, ವಿಟಮಿನ್ ಬಿ12 ಕೊರತೆ ಮೊದಲಾದವು. ಬಿ12 ಸಸ್ಯಾಹಾರದಲ್ಲಿ ಹಾಲು ಮೊಸರು ಬಿಟ್ಟರೆ ಸಿಗುವುದೇ ಇಲ್ಲ, ಮತ್ತು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆಯನ್ನೂ ಹೊಟ್ಟೆಯುರಿಯ ಗುಳಿಗೆಯನ್ನೂ ವರ್ಷಗಟ್ಟಲೆ ನುಂಗುವವರಲ್ಲಿ ಅದು ಮತ್ತಷ್ಟು ಕುಗ್ಗುತ್ತದೆ. ಮಠದ ಶಿಷ್ಯಪರಂಪರೆಯ, ಜೈನರ ಮನೆಗಳು ಹೆಚ್ಚಿರುವ ನಮ್ಮ ಭಾಗದಲ್ಲಿ ಇದನ್ನು ಪರೀಕ್ಷಿಸದೆ ಬಿಡಬಾರದು. ಸಿಫಿಲಿಸ್ ಮತ್ತು ಎಚ್.ಐ.ವಿ. ಪರೀಕ್ಷೆಯನ್ನು ವೈದ್ಯರು ಬರೆದುಕೊಟ್ಟರೆ ಅವಮಾನವೆಂದು ಭಾವಿಸಬೇಡಿ. ನೂರು ವರ್ಷಗಳ ಹಿಂದೆ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ದುಂದುವೆಚ್ಚ, ಬಡಾಯಿ, ನಾಚಿಕೆಗೇಡಿತನದ ರೋಗಿಗಳು ತುಂಬಿದ್ದರು. ಅದು ಶೀಲಗೆಟ್ಟವರ ಹುಚ್ಚೆಂದು ಅನೇಕರು ನಂಬಿದ್ದರು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ವಿಜ್ಞಾನಿಗಳು ಅಂಥವರ ಮೆದುಳಿನಲ್ಲೇ ಸಿಫಿಲಿಸ್ ರೋಗಾಣುವನ್ನು ತೋರಿಸಿದರು. ಪೆನಿಸಿಲಿನ್ ಬಂದ ಮೇಲೆ ಆ ವಾರ್ಡುಗಳು ಬರಿದಾದವು. ಈಗ ಅದು ಅಪರೂಪ, ಆದರೆ ಚಿಕಿತ್ಸೆ ಇರುವುದರಿಂದ ನೋಡುತ್ತೇವೆ.

ಅವರು ತಿನ್ನುತ್ತಿರುವ ಎಲ್ಲ ಗುಳಿಗೆಗಳ ಚೀಟಿಯನ್ನೂ ಕೊಂಡೊಯ್ಯಿರಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಗಳು ಡೋಪಮಿನ್ ಜಾಲವನ್ನು ಕೆರಳಿಸಿ, ಜೂಜು, ಖರೀದಿ, ಕಾಮ, ತಿನ್ನುವ ಚಟಗಳನ್ನು ಹೊಸದಾಗಿ ಹುಟ್ಟಿಸಬಲ್ಲವು. ವೈದ್ಯರು ಪ್ರಮಾಣ ಇಳಿಸಿದರೆ ಅವು ತಗ್ಗುತ್ತವೆ. ಸ್ಟೀರಾಯ್ಡ್ ಗುಳಿಗೆಗಳೂ ಮನಃಸ್ಥಿತಿಯನ್ನು ಕದಡುತ್ತವೆ. ಕುಡಿತವಿದ್ದರೆ ಮುಚ್ಚಿಡದೆ ಹೇಳಿ. ಇನ್ನು ಉನ್ಮಾದ, ಅಂದರೆ ಮೇನಿಯಾ, ಇರಬಹುದೇ ಎಂದರೆ, ಅದರಲ್ಲಿ ನಿದ್ದೆಯ ಅಗತ್ಯವೇ ಕಡಿಮೆಯಾಗಿ ಮಾತು ಮತ್ತು ಹುರುಪು ಉಕ್ಕುತ್ತವೆ, ಮತ್ತು ಅದು ಬಂದು ಹೋಗುವ ಅಲೆಗಳಲ್ಲಿ ಇರುತ್ತದೆ. ಎರಡು ವರ್ಷ ಒಂದೇ ಸಮನೆ ಇಳಿಮುಖವಾಗಿ ಸಾಗುವುದು ಅದರ ರೀತಿಯಲ್ಲ. ಖಿನ್ನತೆಯಲ್ಲಿ ಆಸಕ್ತಿ ಹೋದವರು ಒಳಗೆ ನರಳುತ್ತಿರುತ್ತಾರೆ; ನಿಮ್ಮ ತಂದೆಯವರು ನರಳುತ್ತಿರುವಂತೆ ನೀವು ಎಲ್ಲೂ ಬರೆದಿಲ್ಲ.

ಇವೆಲ್ಲವನ್ನೂ ಬದಿಗಿಟ್ಟ ಮೇಲೆ ಉಳಿಯುವುದು ಮೊದಲು ಹೇಳಿದ ಡಿಮೆನ್ಶಿಯಾ. 1892ರಲ್ಲಿ ಪ್ರಾಗ್ ನಗರದ ಆರ್ನಾಲ್ಡ್ ಪಿಕ್ ಎಂಬ ವೈದ್ಯ ಈ ಬಗೆಯ ಮೆದುಳು ಸವೆತವನ್ನು ಮೊದಲು ವರ್ಣಿಸಿದ. ಸಾಮಾನ್ಯವಾಗಿ 45ರಿಂದ 65ರ ನಡುವೆ ಶುರುವಾಗುತ್ತದೆ. 2011ರಿಂದ ಬಳಕೆಯಲ್ಲಿರುವ ಮಾನದಂಡದ ಪ್ರಕಾರ ಆರು ಲಕ್ಷಣಗಳನ್ನು ನೋಡುತ್ತೇವೆ: ಸಂಕೋಚ ಕಳಚುವುದು, ಜಡತೆ, ಅನುಕಂಪ ಇಂಗುವುದು, ಒಂದೇ ಕ್ರಿಯೆಯ ಪುನರಾವರ್ತನೆ, ಆಹಾರದ ಅಭ್ಯಾಸ ಬದಲಾಗುವುದು, ಮತ್ತು ನೆನಪು ಸರಿಯಿದ್ದೂ ಯೋಜನಾಶಕ್ತಿ ಕುಗ್ಗುವುದು. ಇವುಗಳಲ್ಲಿ ಮೂರು ಇದ್ದರೆ ಸಂಶಯ ಪಡಬೇಕು. ನಿಮ್ಮ ಪತ್ರದಲ್ಲಿ ನಾಲ್ಕು ಸ್ಪಷ್ಟವಾಗಿವೆ. ಬೆಲ್ಲದ ಗೀಳು, ಬಸ್ ಸ್ಟ್ಯಾಂಡಿನ ಓಡಾಟ ಇವು ಈ ಕಾಯಿಲೆಯಲ್ಲಿ ಪದೇ ಪದೇ ಕಾಣುವಂಥವೇ. ಎಂ.ಆರ್.ಐ.ನಲ್ಲಿ ಮುಂಭಾಗದ ಹಾಲೆಯೂ ಕಿವಿಯ ಪಕ್ಕದ ಹಾಲೆಯ ಮುಂತುದಿಯೂ ಕುಗ್ಗಿರುವುದು ಕಾಣಬಹುದು. ಆರಂಭದಲ್ಲಿ ಕಾಣದೆಯೂ ಇರಬಹುದು. ‘ನಾರ್ಮಲ್’ ಎಂಬ ಒಂದು ವರದಿ ಹಿಡಿದು ಮನೆಗೆ ಹೋಗಿ ಮತ್ತೆ ಜಗಳ ಶುರು ಮಾಡಬೇಡಿ. ಆರು ತಿಂಗಳು ಅಥವಾ ವರ್ಷದ ನಂತರ ಮತ್ತೊಮ್ಮೆ ನೋಡಿಸಿ.

ಎಲ್ಲಿಗೆ ಹೋಗಬೇಕೆಂದರೆ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಎಂ.ಆರ್.ಐ. ಸೌಲಭ್ಯ ಇದೆ, ಮನೋವೈದ್ಯ ವಿಭಾಗವಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೂ ಇವೆ. ಮನೋವೈದ್ಯರೂ ನರರೋಗ ತಜ್ಞರೂ ಒಂದೇ ಆವರಣದಲ್ಲಿ ನೋಡಬೇಕೆಂದರೆ ಧಾರವಾಡದ ಡಿಮ್ಹಾನ್ಸ್ ನಿಮಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ಬಹಳ ಹತ್ತಿರ. ತುರ್ತು ಸಲಹೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ದೇವರ ಮುಂದೆ ಹರಕೆ ಹೊರುವುದಕ್ಕೆ ನನ್ನ ತಕರಾರಿಲ್ಲ, ಕಾಕಾ ಅವರ ಮನಸ್ಸಿಗೂ ಸಮಾಧಾನವಾಗಲಿ. ಆದರೆ ಯಾರಾದರೂ ಹೊಡೆದು, ಬರೆ ಹಾಕಿ, ಸರಪಳಿಯಿಂದ ಕಟ್ಟಿ ಬಿಡಿಸುತ್ತೇನೆಂದರೆ ಅಲ್ಲಿಂದ ಎದ್ದು ಬನ್ನಿ. ಮಾನಸಿಕ ಅಸ್ವಸ್ಥರನ್ನು ಸರಪಳಿಯಿಂದ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ.

ಡಿಮೆನ್ಶಿಯಾ ಎಂದೇ ತೀರ್ಮಾನವಾದರೆ ಔಷಧಗಳ ಪಾತ್ರ ಚಿಕ್ಕದು. ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಕೆಲವರಲ್ಲಿ ಚಡಪಡಿಕೆಯನ್ನು ಹೆಚ್ಚಿಸುತ್ತದೆ. ಸೆರೊಟೊನಿನ್ ಮೇಲೆ ಕೆಲಸ ಮಾಡುವ ಖಿನ್ನತೆ ನಿವಾರಕಗಳು ತಿನ್ನುವ ಗೀಳನ್ನೂ ಸಂಕೋಚಗೇಡಿತನವನ್ನೂ ಸ್ವಲ್ಪ ತಗ್ಗಿಸಬಹುದು. ನಿದ್ದೆಯ ಗುಳಿಗೆಯನ್ನು ನೀವಾಗಿಯೇ ಹೆಚ್ಚಿಸಬೇಡಿ. ಮಂಪರಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಅದರ ಲಾಭಕ್ಕಿಂತ ದೊಡ್ಡದು. ಹೆಚ್ಚು ಕೆಲಸ ಮಾಡುವುದು ಮನೆಯ ವ್ಯವಸ್ಥೆ. ಬೆಲ್ಲದ ಡಬ್ಬಿ ಕಣ್ಣಿಗೆ ಬೀಳದಿದ್ದರೆ ಅವರು ಅದನ್ನು ಕೇಳದೆಯೂ ಇರಬಹುದು. ಊರಿನ ಎರಡು ಮೂರು ಅಂಗಡಿಯವರಿಗೆ ವಿಷಯ ತಿಳಿಸಿ, ಎತ್ತಿಕೊಂಡದ್ದನ್ನು ಬರೆದಿಡಲು ಹೇಳಿ ತಿಂಗಳಿಗೊಮ್ಮೆ ದುಡ್ಡು ಕೊಟ್ಟುಬಿಡಿ. ಲೆಕ್ಕದ ಪುಸ್ತಕ ಬರೆದವರ ಮನೆಗೆ ಇದು ಕಷ್ಟವಾಗದು. ಬಸ್ ಸ್ಟ್ಯಾಂಡಿನ ನಡಿಗೆಯನ್ನು ತಡೆಯಬೇಡಿ, ದಾರಿ ಸುರಕ್ಷಿತವಾಗಿದ್ದರೆ ಅದು ಅವರ ದಿನಚರಿಯಾಗಲಿ. ಬೈಕಿನ ಬೀಗದ ಕೈ, ಎ.ಟಿ.ಎಂ. ಕಾರ್ಡ್, ಚೆಕ್ ಪುಸ್ತಕ, ಹೊಲದ ಕಾಗದಪತ್ರ ನಿಮ್ಮ ವಶದಲ್ಲಿರಲಿ. ಮುಂದೆ ಕೈ ಸೋಲುವುದು, ಸ್ನಾಯು ಕೃಶವಾಗುವುದು, ನೀರು ಕುಡಿಯುವಾಗ ನೆತ್ತಿಗೇರುವುದು ಕಂಡರೆ ತಡಮಾಡದೆ ತಿಳಿಸಿ, ಏಕೆಂದರೆ ಕೆಲವರಲ್ಲಿ ಇದರ ಜೊತೆಗೆ ನರ ಮತ್ತು ಸ್ನಾಯುಗಳ ಕಾಯಿಲೆಯೊಂದು ಸೇರಿಕೊಳ್ಳುತ್ತದೆ.

ಜಾಮೀನಿನ ಬಗ್ಗೆ ಸುಮ್ಮನೆ ಕೂರಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 12ನೆಯ ಕಲಮು, ಕರಾರು ಮಾಡಿಕೊಳ್ಳುವ ಹೊತ್ತಿನಲ್ಲಿ ವ್ಯಕ್ತಿಗೆ ಅದನ್ನು ಅರ್ಥ ಮಾಡಿಕೊಳ್ಳುವ ಮತ್ತು ಅದರಿಂದ ತನಗಾಗುವ ಪರಿಣಾಮವನ್ನು ವಿವೇಕದಿಂದ ತೂಗಿನೋಡುವ ಸಾಮರ್ಥ್ಯ ಇರಬೇಕೆಂದು ಹೇಳುತ್ತದೆ. ನಿಮ್ಮ ತಂದೆಯವರಿಗೆ ಮೊದಲನೆಯದು ಇದ್ದಿರಬಹುದು. ಎರಡನೆಯದು ಇತ್ತೇ ಎಂಬುದೇ ಪ್ರಶ್ನೆ. ಕಾಯಿಲೆ ಯಾವಾಗ ಶುರುವಾಯಿತು ಎಂಬುದಕ್ಕೆ ವೈದ್ಯರ ದಾಖಲೆ, ಆ ಅವಧಿಯ ಇತರ ಘಟನೆಗಳ ಸಾಕ್ಷ್ಯ ಬೇಕಾಗುತ್ತವೆ. ಈಗಲೇ ಘಟನೆ ಮತ್ತು ತಾರೀಖುಗಳನ್ನು ಒಂದು ವಹಿಯಲ್ಲಿ ಬರೆದಿಡಿ, ಸಾಲ ಕೊಟ್ಟ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಸಿವಿಲ್ ವಕೀಲರನ್ನು ಕಾಣಿರಿ. ಆ ವಹಿ ನಮಗೂ ಬೇಕು: ಹದಿನೈದು ನಿಮಿಷದ ಭೇಟಿಯಲ್ಲಿ ಇಂಥ ರೋಗಿಗಳು ಬಹಳ ಸಭ್ಯರಾಗಿ ಕುಳಿತಿರುತ್ತಾರೆ.

ಇನ್ನು ಮಕ್ಕಳಿಗೆ ಬರುವ ಮಾತು. ಕಾರಣ ಗಡ್ಡೆಯೋ ರಕ್ತ ಜಿನುಗುವಿಕೆಯೋ ಬಿ12 ಕೊರತೆಯೋ ಆಗಿದ್ದರೆ ಈ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಡಿಮೆನ್ಶಿಯಾ ಆಗಿದ್ದರೂ ಬಹುಪಾಲು ರೋಗಿಗಳಲ್ಲಿ ಒಂದೇ ವಂಶವಾಹಿಯ ದೋಷ ಕಾಣಸಿಗುವುದಿಲ್ಲ. ಒಂದು ಪಾಲು ಕುಟುಂಬಗಳಲ್ಲಿ ಮಾತ್ರ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ, ಅಲ್ಲಿ ಪ್ರತಿ ಮಗುವಿಗೂ ಆ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಅಜ್ಜ, ಅಜ್ಜಿ, ತಂದೆಯವರ ಒಡಹುಟ್ಟಿದವರಲ್ಲಿ ಯಾರಾದರೂ ನಲವತ್ತು ಅರವತ್ತರ ನಡುವೆ ಹೀಗೆ ಬದಲಾಗಿದ್ದರೇ, ಕೈಕಾಲು ಸೊರಗಿ ತೀರಿಕೊಂಡಿದ್ದರೇ ಎಂದು ಕಾಕಾ ಅವರನ್ನೇ ಕೇಳಿ. ಮನೆತನದ ಚರಿತ್ರೆ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಮಾಟದ ಮಾತು ಬಿಟ್ಟು ವಿಚಾರಣೆಯಲ್ಲಿ ಅವರೂ ಪಾಲುದಾರರಾಗುತ್ತಾರೆ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವುದರಿಂದ ಅದೇ ಇದಕ್ಕೆ ಕಾರಣವೇ ಎಂದು ಹಲವರು ಕೇಳುತ್ತಾರೆ. ಈ ಬಗೆಯ ದೋಷ ಒಬ್ಬರೇ ಪೋಷಕರಿಂದ ಬಂದರೂ ಸಾಕಾಗುವುದರಿಂದ, ಸಂಬಂಧದೊಳಗಿನ ಮದುವೆಗೂ ಇದಕ್ಕೂ ನಂಟಿಲ್ಲ. ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲವೆಂದಾದರೆ ನಿಮಗೂ ತಂಗಿಗೂ ಈಗ ಯಾವ ಪರೀಕ್ಷೆಯೂ ಬೇಡ. ಇದ್ದರೆ, ವಂಶವಾಹಿ ಪರೀಕ್ಷೆಯನ್ನು ಮೊದಲು ತಂದೆಯವರಿಗೆ ಮಾಡಿಸಬೇಕು. ಆರೋಗ್ಯವಂತ ಮಕ್ಕಳಿಗೆ ಮಾಡಿಸುವುದು ಅವರವರ ಇಚ್ಛೆ, ಅದೂ ಆಪ್ತಸಲಹೆ ಪಡೆದ ನಂತರ.

ತಂಗಿಯ ಮದುವೆಯ ಮಾತನ್ನು ನಿಲ್ಲಿಸಬೇಕಾದ ಕಾರಣ ನನಗೆ ಕಾಣುವುದಿಲ್ಲ, ಆದರೆ ಒಂದೆರಡು ತಿಂಗಳು ತಡೆಯಲು ಸಾಧ್ಯವಾದರೆ ಪರೀಕ್ಷೆಗಳನ್ನು ಮೊದಲು ಮುಗಿಸಿಕೊಳ್ಳಿ. ಬೀಗರಾಗುವವರು ಮನೆಗೆ ಬಂದಾಗ ತಂದೆಯವರನ್ನು ಒಳಕೋಣೆಯಲ್ಲಿ ಕೂರಿಸಿ ಮುಚ್ಚಿಡುವ ಪ್ರಯತ್ನ ನಡೆಯುವುದಿಲ್ಲ. ಅವರು ಹೊರಗೆ ಬಂದೇ ಬರುತ್ತಾರೆ, ತಟ್ಟೆಯಲ್ಲಿಟ್ಟ ಸಿಹಿಗೆ ಕೈ ಹಾಕಿಯೇ ಹಾಕುತ್ತಾರೆ. ‘ಅವರಿಗೆ ಮೆದುಳಿನ ಕಾಯಿಲೆ ಇದೆ, ಧಾರವಾಡದಲ್ಲಿ ತೋರಿಸುತ್ತಿದ್ದೇವೆ, ವರದಿ ಹೀಗಿದೆ’ ಎಂದು ನೀವೇ ಮೊದಲು ಹೇಳಿ.